ಪೈಥಾನ್ ಐಮ್ಯಾಪ್‌ಲಿಬ್: ಕೆಲವು ಮೇಲ್ ಬಿಟ್ಟುಹೋಗುತ್ತಿವೆ, ಕನ್ನಡ ಸಬ್ಜೆಕ್ಟ್ ಡಿಕೋಡ್ ಆಗುತ್ತಿಲ್ಲ

ಮಲೆನಾಡ_ಕೋಡ್

ನಮಸ್ಕಾರ. ಪತ್ತಿನ ಸಹಕಾರ ಸಂಘವೊಂದರ ಶಾಖೆಗಳು ದಿನದ ಕೊನೆಗೆ ಲೆಕ್ಕಪತ್ರವನ್ನು ಒಂದೇ ಮೇಲ್ ವಿಳಾಸಕ್ಕೆ ಕಳಿಸುತ್ತವೆ. ಅಟ್ಯಾಚ್‌ಮೆಂಟ್ ಎಕ್ಸೆಲ್, ಪಿಡಿಎಫ್ ಅಥವಾ ಸಿಎಸ್‌ವಿ. ಅವನ್ನು ತೆಗೆದು ಶಾಖೆವಾರು ಫೋಲ್ಡರ್‌ಗೆ ಹಾಕುವ ಪೈಥಾನ್ ಸ್ಕ್ರಿಪ್ಟ್ ಉಬುಂಟು ಸರ್ವರ್‌ನಲ್ಲಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ 10 ನಿಮಿಷಕ್ಕೊಮ್ಮೆ ಓಡುತ್ತದೆ. ಪೈಥಾನ್ 3.12, ಲೈಬ್ರರಿ ಐಮ್ಯಾಪ್‌ಗಾಗಿ (ಮೇಲ್ ಅನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಅದರ ಜೊತೆಗೇ ಬರುವ ಐಮ್ಯಾಪ್‌ಲಿಬ್.

ಈಗಿನ ಕ್ರಮ: ಐಮ್ಯಾಪ್4_ಎಸ್‌ಎಸ್‌ಎಲ್ ಬಳಸಿ 993ನೇ ಪೋರ್ಟ್‌ಗೆ ಸಂಪರ್ಕ, ಲಾಗಿನ್, ಇನ್‌ಬಾಕ್ಸ್ ಸೆಲೆಕ್ಟ್, 'ಅನ್‌ಸೀನ್' ಎಂದು ಸರ್ಚ್, ಸಿಕ್ಕ ಪ್ರತಿ ನಂಬರಿಗೂ 'ಆರ್‌ಎಫ್‌ಸಿ822' ಫೆಚ್, ಆಮೇಲೆ ಅಟ್ಯಾಚ್‌ಮೆಂಟ್ ಉಳಿಸುವುದು, ಕೊನೆಗೆ ಕ್ಲೋಸ್ ಮತ್ತು ಲಾಗೌಟ್.

ತೊಂದರೆ ಮೂರು.

1. ಸ್ಕ್ರಿಪ್ಟ್ ನಡುವೆ ಬಿದ್ದರೆ, ಅಥವಾ ಕಚೇರಿಯಲ್ಲಿ ಯಾರಾದರೂ ವೆಬ್‌ನಲ್ಲಿ ಆ ಮೇಲ್ ತೆರೆದುಬಿಟ್ಟರೆ, ಮುಂದಿನ ಸುತ್ತಿನಲ್ಲಿ ಅದು ಸಿಗುವುದೇ ಇಲ್ಲ.

2. ಸಬ್ಜೆಕ್ಟ್ 'ದಿನವಹಿ ಲೆಕ್ಕ' ಎಂದಿದ್ದರೆ ಸರಿಯಾಗಿ ಬರುತ್ತದೆ. 'ದಿನವಹಿ ಲೆಕ್ಕಪತ್ರ ಶಿರಸಿ ಶಾಖೆ' ಎಂದಿದ್ದರೆ ಯೂನಿಕೋಡ್ ಡಿಕೋಡ್ ಎರರ್: 43-44ನೇ ಸ್ಥಾನದಲ್ಲಿ ಡೇಟಾ ಅರ್ಧಕ್ಕೆ ಮುಗಿದಿದೆ ಎನ್ನುತ್ತದೆ. ಸಬ್ಜೆಕ್ಟ್ ಅನ್ನು ಖಾಲಿ ಜಾಗದಲ್ಲಿ ತುಂಡು ಮಾಡಿ, ಒಂದೊಂದನ್ನೂ ಬೇಸ್64ನಿಂದ (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ) ಬಿಡಿಸುವ ಸಣ್ಣ ಫಂಕ್ಷನ್ ಬಳಸುತ್ತಿದ್ದೇನೆ. ಎಲ್ಲ ಶಾಖೆಗಳಿಂದಲೂ ಹೀಗಾಗುವುದಿಲ್ಲ.

3. ಕೆಲವು ಮೇಲ್‌ಗಳಲ್ಲಿ ಅಟ್ಯಾಚ್‌ಮೆಂಟ್ ಕಣ್ಣಿಗೆ ಕಾಣುತ್ತದೆ, ಆದರೆ ಅವನ್ನು ಒಂದೊಂದಾಗಿ ಕೊಡಬೇಕಾದ ಮೆಥಡ್ ಇಟರ್_ಅಟ್ಯಾಚ್‌ಮೆಂಟ್ಸ್ ಖಾಲಿ ಕೊಡುತ್ತದೆ.

ಇದೀಗ ಪರೀಕ್ಷೆ ನಡೆಯುತ್ತಿರುವುದು ಜಿಮೇಲ್ ಪೆಟ್ಟಿಗೆಯಲ್ಲಿ, ಆಪ್ ಪಾಸ್‌ವರ್ಡ್ ಹಾಕಿ. ಮುಂದೆ ಅಂಚೆಪೆಟ್ಟಿಗೆ ಮೈಕ್ರೋಸಾಫ್ಟ್ 365ಕ್ಕೆ ಹೋಗುತ್ತದೆ. ಅಲ್ಲೂ ಇದೇ ಲಾಗಿನ್ ನಡೆಯುತ್ತದೆಯೇ?

---

ಗಂಟೆ_ಗುರುತು

ಮೊದಲನೆಯದಕ್ಕೆ ಮಾತ್ರ ಹೇಳುತ್ತೇನೆ, ಏಕೆಂದರೆ ಲೆಕ್ಕ ಕಳೆದುಹೋಗುವುದು ಅಲ್ಲೇ.

'ಆರ್‌ಎಫ್‌ಸಿ822' ಫೆಚ್ ಮಾಡಿದ ಕ್ಷಣದಲ್ಲೇ ಸರ್ವರ್ ಆ ಮೇಲ್‌ಗೆ 'ಸೀನ್' ಗುರುತು ಹಾಕುತ್ತದೆ. ಫೈಲ್ ಡಿಸ್ಕ್‌ಗೆ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದರ ಬದಲು 'ಬಾಡಿ.ಪೀಕ್[]' ಫೆಚ್ ಮಾಡಿ. ಬರುವುದು ಅದೇ ಪೂರ್ತಿ ಮೇಲ್, ಆದರೆ ಗುರುತು ಬದಲಾಗುವುದಿಲ್ಲ. ಇದರಿಂದ ಸ್ಕ್ರಿಪ್ಟ್ ಬೀಳುವ ತೊಂದರೆ ತೀರುತ್ತದೆ. ಕಚೇರಿಯವರು ತೆರೆದು ನೋಡುವ ತೊಂದರೆ ತೀರುವುದಿಲ್ಲ. 'ಓದಿದೆ' ಎನ್ನುವ ಗುರುತು ಮನುಷ್ಯರಿಗಾಗಿ ಇರುವುದು. ಯಾವ ಮೇಲ್ ಸಂಸ್ಕರಿಸಿ ಆಯಿತು ಎನ್ನುವ ಲೆಕ್ಕವನ್ನು ನಿಮ್ಮ ಕಡೆಯೇ ಇಟ್ಟುಕೊಳ್ಳಬೇಕು.

ಅದಕ್ಕೆ ಬೇಕಾದ್ದು ಯುಐಡಿ. ನೀವೀಗ ಬಳಸುತ್ತಿರುವ ಸರ್ಚ್ ಮತ್ತು ಫೆಚ್ ಕೊಡುವುದು ಕ್ರಮಸಂಖ್ಯೆ. ಅದು ಸರದಿಯಲ್ಲಿ ನಿಂತವರ ಸ್ಥಾನದ ಹಾಗೆ: ಮುಂದಿನವರೊಬ್ಬರು ಹೋದರೆ ಹಿಂದಿನವರೆಲ್ಲರ ಸಂಖ್ಯೆಯೂ ಬದಲಾಗುತ್ತದೆ. ಮೂರನೇ ಮೇಲ್ ಅಳಿಸಿದರೆ ನಾಲ್ಕನೆಯದು ಮೂರನೆಯದಾಗುತ್ತದೆ. ಯುಐಡಿ ಹಾಗಲ್ಲ, ಆ ಫೋಲ್ಡರ್‌ನಲ್ಲಿ ಒಂದು ಮೇಲ್‌ಗೆ ಕೊಟ್ಟ ಸಂಖ್ಯೆ ಇನ್ನೊಂದಕ್ಕೆ ಹೋಗುವುದಿಲ್ಲ, ಹೊಸ ಮೇಲ್‌ಗೆ ಯಾವಾಗಲೂ ದೊಡ್ಡ ಸಂಖ್ಯೆಯೇ. ಐಮ್ಯಾಪ್‌ಲಿಬ್‌ನಲ್ಲಿ ಸರ್ಚ್, ಫೆಚ್, ಸ್ಟೋರ್ ಮೂರನ್ನೂ 'ಯುಐಡಿ' ಮೆಥಡ್ ಮೂಲಕವೇ ಕರೆಯಿರಿ. ಸರ್ಚ್ ಯುಐಡಿಯಲ್ಲಿ ಮಾಡಿ ಫೆಚ್ ಅನ್ನು ಮಾಮೂಲಿ ಮೆಥಡ್‌ನಲ್ಲಿ ಮಾಡಿದರೆ ಎರರ್ ಬರಲೇಬೇಕೆಂದಿಲ್ಲ, ಸುಮ್ಮನೆ ಬೇರೆ ಯಾವುದೋ ಮೇಲ್ ಬರುತ್ತದೆ. ಇದನ್ನು ಹುಡುಕಿ ಹಿಡಿಯುವುದು ಬಹಳ ಕಷ್ಟ.

ಯುಐಡಿಯ ಜೊತೆ ಯುಐಡಿ‌ವ್ಯಾಲಿಡಿಟಿ ಎನ್ನುವ ಇನ್ನೊಂದು ಸಂಖ್ಯೆ ಇದೆ. ಸೆಲೆಕ್ಟ್ ಆದ ಮೇಲೆ 'ರೆಸ್ಪಾನ್ಸ್' ಮೆಥಡ್‌ಗೆ ಆ ಹೆಸರು ಕೊಟ್ಟು ಕೇಳಿದರೆ ಸಿಗುತ್ತದೆ. ಫೋಲ್ಡರ್ ಅಳಿಸಿ ಮತ್ತೆ ಮಾಡಿದಾಗ ಅಥವಾ ಪೆಟ್ಟಿಗೆ ಬೇರೆ ಸರ್ವರ್‌ಗೆ ಹೋದಾಗ ಅದು ಬದಲಾಗಬಹುದು. ಬದಲಾದರೆ ಹಳೆಯ ಯುಐಡಿ ಒಂದಕ್ಕೂ ಬೆಲೆಯಿಲ್ಲ. ನೀವು ಪೆಟ್ಟಿಗೆ ಸ್ಥಳಾಂತರ ಮಾಡುವವರಿದ್ದೀರಿ, ಆದ್ದರಿಂದ ಇದನ್ನು ಈಗಲೇ ಸೇರಿಸಿ.

ಎಸ್‌ಕ್ಯೂಲೈಟ್‌ನಲ್ಲಿ ಒಂದು ಟೇಬಲ್ ಸಾಕು: ಫೋಲ್ಡರ್, ಯುಐಡಿವ್ಯಾಲಿಡಿಟಿ, ಯುಐಡಿ, ಸ್ಥಿತಿ, ಫೈಲ್‌ನ ಎಸ್‌ಎಚ್‌ಎ-256 (ಒಳಗಿನ ಬೈಟ್‌ಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು). ಮೊದಲ ಮೂರು ಕಾಲಂ ಸೇರಿಸಿ ಯುನೀಕ್ ಮಾಡಿ. ಕೆಲಸದ ಕ್ರಮ: ಪೀಕ್ ಫೆಚ್, ಅಟ್ಯಾಚ್‌ಮೆಂಟ್ ಅನ್ನು ತಾತ್ಕಾಲಿಕ ಹೆಸರಿಗೆ ಬರೆಯುವುದು, ಅದೇ ಡಿಸ್ಕ್‌ನಲ್ಲಿ 'ಓಎಸ್.ರಿಪ್ಲೇಸ್' ಮೂಲಕ ನಿಜ ಹೆಸರಿಗೆ ಬದಲಿಸುವುದು, ಟೇಬಲ್‌ಗೆ ಕಮಿಟ್, ಆಮೇಲೆ ಬೇಕಿದ್ದರೆ ಮಾತ್ರ 'ಸೀನ್' ಗುರುತು. ಎಲ್ಲಿ ನಿಂತರೂ ಮುಂದಿನ ಸುತ್ತಿನಲ್ಲಿ ಅದೇ ಮೇಲ್ ಮತ್ತೆ ಸಿಗುತ್ತದೆ. ಒಂದೇ ಫೈಲ್ ಎರಡು ಸಲ ಬರೆದರೆ ನಷ್ಟವಿಲ್ಲ.

ಹೊಸ ಮೇಲ್ ಹುಡುಕಲು ಕೊನೆಯ ಯುಐಡಿಗೆ ಒಂದು ಕೂಡಿಸಿ '4813:*' ಎಂಬಂತೆ ಕೇಳಬಹುದು. ಆದರೆ ನಕ್ಷತ್ರ ಎಂದರೆ ಇರುವುದರಲ್ಲೇ ದೊಡ್ಡ ಯುಐಡಿ, ವ್ಯಾಪ್ತಿಯ ಎರಡು ತುದಿ ಹಿಂದುಮುಂದಾದರೂ ಸರ್ವರ್ ಒಪ್ಪುತ್ತದೆ. ಹೊಸದೇನೂ ಇಲ್ಲದಿದ್ದರೆ ಅದು '4812' ಅನ್ನೇ ಮತ್ತೆ ಕೊಡುತ್ತದೆ. ಬಂದ ಪಟ್ಟಿಯಲ್ಲಿ ಹಳೆಯದನ್ನು ನೀವೇ ತೆಗೆದುಹಾಕಬೇಕು.

ಇನ್ನು ಆ ಕ್ಲೋಸ್. ಅದು ಬರೀ ಮುಚ್ಚುವುದಲ್ಲ: ಓದು-ಬರಹಕ್ಕೆ ತೆರೆದ ಫೋಲ್ಡರ್‌ನಲ್ಲಿ 'ಡಿಲೀಟೆಡ್' ಗುರುತಿರುವ ಮೇಲ್‌ಗಳನ್ನೆಲ್ಲ ಶಾಶ್ವತವಾಗಿ ಅಳಿಸುತ್ತದೆ, ಆ ಗುರುತು ಹಾಕಿದ್ದು ಬೇರೆಯವರಾಗಿದ್ದರೂ. ಪೈಥಾನ್ 3.9ರಿಂದ 'ಅನ್‌ಸೆಲೆಕ್ಟ್' ಇದೆ, ಅದನ್ನು ಬಳಸಿ. ಸರ್ವರ್‌ನಲ್ಲಿ ಏನೂ ಬದಲಾಗಬಾರದು ಎಂದಿದ್ದರೆ ಸೆಲೆಕ್ಟ್ ಮಾಡುವಾಗಲೇ 'ರೀಡ್‌ಓನ್ಲಿ=ಟ್ರೂ' ಕೊಡಿ.

---

ಅಕ್ಷರ_ಬೈಟ್

ಎರಡನೆಯದು. 43-44 ಎನ್ನುವ ಸಂಖ್ಯೆಯಲ್ಲೇ ಉತ್ತರವಿದೆ.

ಹೆಡರ್‌ನಲ್ಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಮೂಲ ಗುಂಪು) ಅಲ್ಲದ ಪಠ್ಯ ಹೋಗುವುದು ಆರ್‌ಎಫ್‌ಸಿ 2047 ಎಂಬ ಮೇಲ್ ನಿಯಮದ ತುಂಡುಗಳಾಗಿ. ಒಂದು ತುಂಡಿಗೆ ಗರಿಷ್ಠ 75 ಅಕ್ಷರ. ಅದರಲ್ಲಿ ಆರಂಭದ '=?ಯುಟಿಎಫ್-8?ಬಿ?' ಭಾಗಕ್ಕೆ ರೋಮನ್ ಅಕ್ಷರದಲ್ಲಿ 10, ಕೊನೆಯ '?=' ಗೆ 2. ಉಳಿದ 63ರಲ್ಲಿ ಬೇಸ್64 ನಾಲ್ಕರ ಗುಂಪಿನಲ್ಲೇ ಹೋಗಬೇಕಾದ್ದರಿಂದ 60 ಅಕ್ಷರ, ಅಂದರೆ 45 ಬೈಟ್. ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಸ್ವಂತ ಸಂಖ್ಯೆಯಿರುವ ಅಕ್ಷರ ಅಥವಾ ಚಿಹ್ನೆ) ಯುಟಿಎಫ್-8ರಲ್ಲಿ 3 ಬೈಟ್. ಬರೀ ಕನ್ನಡವಿದ್ದರೆ 15 ಕೋಡ್‌ಪಾಯಿಂಟ್‌ಗೆ ಸರಿಯಾಗಿ ತುಂಡಾಗುತ್ತದೆ. ನಡುವೆ ಒಂದು ಖಾಲಿ ಜಾಗ ಬಂದರೆ ಅದು 1 ಬೈಟ್, ಲೆಕ್ಕ ಜಾರುತ್ತದೆ.

ನಿಮ್ಮ ಸಬ್ಜೆಕ್ಟ್ ಎಣಿಸಿ. 'ದಿನವಹಿ' 6 ಕೋಡ್‌ಪಾಯಿಂಟ್, 18 ಬೈಟ್. ಖಾಲಿ ಜಾಗ 1. 'ಲೆಕ್ಕಪತ್ರ' 9 ಕೋಡ್‌ಪಾಯಿಂಟ್. ಅದರಲ್ಲಿ ಮೊದಲ 8ಕ್ಕೆ 24 ಬೈಟ್. ಒಟ್ಟು 43. ಕೊನೆಯ 'ರ' ಶುರುವಾಗುವುದು 43ನೇ ಸ್ಥಾನದಲ್ಲಿ (ಎಣಿಕೆ ಸೊನ್ನೆಯಿಂದ), ಅದರ ಎರಡು ಬೈಟ್ ಮೊದಲ ತುಂಡಿನಲ್ಲಿ ಉಳಿದು ಮೂರನೆಯದು ಮುಂದಿನ ತುಂಡಿಗೆ ಹೋಗಿದೆ. 'ದಿನವಹಿ ಲೆಕ್ಕ' ಒಂದೇ ತುಂಡಿನಲ್ಲಿ ಹಿಡಿಯುವುದರಿಂದ ಕೆಡುವುದಿಲ್ಲ. ಅಕ್ಷರವನ್ನು ಹೀಗೆ ಸೀಳಬಾರದು ಎಂದು ಆರ್‌ಎಫ್‌ಸಿ ಹೇಳುತ್ತದೆ. ಕಳಿಸುವ ಕೆಲವು ಸಾಫ್ಟ್‌ವೇರ್ ಅದನ್ನು ಪಾಲಿಸುವುದಿಲ್ಲ, ಅದಕ್ಕೇ ಎಲ್ಲ ಶಾಖೆಗಳಿಂದಲೂ ತೊಂದರೆ ಬರುತ್ತಿಲ್ಲ.

ಪರಿಹಾರ: ಆ ಸ್ವಂತ ಫಂಕ್ಷನ್ ಬಿಡಿ. ಮೊದಲು ಬೈಟ್‌ಗಳನ್ನೆಲ್ಲ ಜೋಡಿಸಿ ಆಮೇಲೆ ಡಿಕೋಡ್ ಮಾಡಬೇಕು. 'ಈಮೇಲ್.ಹೆಡರ್' ಮಾಡ್ಯೂಲ್‌ನ 'ಡಿಕೋಡ್_ಹೆಡರ್' ಪಕ್ಕಪಕ್ಕದ ಒಂದೇ ಚಾರ್‌ಸೆಟ್‌ನ (ಅಕ್ಷರ ಎನ್‌ಕೋಡಿಂಗ್) ತುಂಡುಗಳನ್ನು ಅದೇ ರೀತಿ ಜೋಡಿಸುತ್ತದೆ. ಅದರ ಫಲಿತಾಂಶವನ್ನು 'ಮೇಕ್_ಹೆಡರ್'ಗೆ ಕೊಟ್ಟು 'ಎಸ್‌ಟಿಆರ್' ಮಾಡಿ. ಜಾಲದಲ್ಲಿ ಸಿಗುವ ಬಹಳಷ್ಟು ಮಾದರಿ ಕೋಡ್ 'ಡಿಕೋಡ್_ಹೆಡರ್' ಕೊಟ್ಟ ಪಟ್ಟಿಯ ಮೊದಲ ಅಂಶವನ್ನಷ್ಟೇ ತೆಗೆದುಕೊಳ್ಳುತ್ತದೆ. ಸಬ್ಜೆಕ್ಟ್ 'ಆರ್‌ಇ:' ಎಂದು ಶುರುವಾದರೆ ನಿಮಗೆ ಆ 'ಆರ್‌ಇ:' ಮಾತ್ರ ಸಿಗುತ್ತದೆ. ಮೇಲಾಗಿ ತುಂಡಿಲ್ಲದ ಸಾದಾ ಸಬ್ಜೆಕ್ಟ್‌ಗೆ ಅದು ಬೈಟ್ಸ್ ಬದಲು ಸ್ಟ್ರಿಂಗ್ ಕೊಡುವುದರಿಂದ 'ಡಿಕೋಡ್' ಕರೆದರೆ ಆಟ್ರಿಬ್ಯೂಟ್ ಎರರ್.

ಸಬ್ಜೆಕ್ಟ್ ಹೋಲಿಸುವ ಮೊದಲು ಎರಡು ಕೆಲಸ ಮಾಡಿ. ಒಂದು, 'ಯೂನಿಕೋಡ್‌ಡೇಟಾ.ನಾರ್ಮಲೈಸ್' ಬಳಸಿ ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರದ ಬೇರೆ ಬೇರೆ ಬರಹವನ್ನು ಒಂದೇ ಜೋಡಿಸಿದ ರೂಪಕ್ಕೆ) ತನ್ನಿ. 'ಶಾಖೆ'ಯಂಥ ಪದಕ್ಕೆ ತೊಂದರೆಯಿಲ್ಲ, ಆದರೆ 'ಕೋಲಾರ'ದ ಓಕಾರವನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ ಮೂರು ಕೋಡ್‌ಪಾಯಿಂಟ್ ಆಗಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಕ್ಕೂ ಎರಡು ರೂಪ ಇವೆ. ಪರದೆಯಲ್ಲಿ ಒಂದೇ ಥರ ಕಂಡರೂ ಸ್ಟ್ರಿಂಗ್ ಬೇರೆ. ಎರಡು, ಕಾಣದ ಜೋಡಕ-ಬಿಡಕಗಳಾದ ಯು+200ಸಿ ಮತ್ತು ಯು+200ಡಿ ತೆಗೆದುಬಿಡಿ. ಇದು ಹೋಲಿಕೆಗೆ ಮಾತ್ರ. ಉಳಿಸುವ ಪಠ್ಯದಿಂದ ತೆಗೆಯಬೇಡಿ, ಬರಹ ಕೆಡುತ್ತದೆ.

ಮೂರನೆಯದು. 'ಇಟರ್_ಅಟ್ಯಾಚ್‌ಮೆಂಟ್ಸ್' ಮಲ್ಟಿಪಾರ್ಟ್ (ಹಲವು ಭಾಗಗಳ) ಮೇಲ್‌ಗಷ್ಟೇ ಕೆಲಸ ಮಾಡುತ್ತದೆ. ಇಡೀ ಮೇಲ್ ಒಂದೇ ಪಿಡಿಎಫ್ ಆಗಿದ್ದರೆ, ಅಂದರೆ ಮೇಲ್ಮಟ್ಟದ ಕಂಟೆಂಟ್-ಟೈಪೇ ಪಿಡಿಎಫ್ ಆಗಿದ್ದರೆ, ಅದು ಏನೂ ಕೊಡುವುದಿಲ್ಲ. ಸ್ಕ್ಯಾನರ್‌ನಿಂದ ನೇರವಾಗಿ ಬರುವ ಮೇಲ್‌ಗಳನ್ನು ಮೊದಲು ನೋಡಿ. ಮೇಲ್ ಅನ್ನು ಅಟ್ಯಾಚ್‌ಮೆಂಟ್ ಆಗಿ ಫಾರ್ವರ್ಡ್ ಮಾಡಿದ್ದರೂ ಒಳಗಿನ ಫೈಲ್‌ವರೆಗೆ ಅದು ಇಳಿಯುವುದಿಲ್ಲ. 'ವಾಕ್' ಬಳಸಿ, 'ಗೆಟ್_ಫೈಲ್‌ನೇಮ್' ಏನಾದರೂ ಕೊಟ್ಟ ಪ್ರತಿ ಭಾಗವನ್ನೂ ತೆಗೆದುಕೊಳ್ಳಿ. ಒಳಗಿನ ಬೈಟ್‌ಗಳಿಗೆ 'ಗೆಟ್_ಪೇಲೋಡ್(ಡಿಕೋಡ್=ಟ್ರೂ)'. 'ಗೆಟ್_ಕಂಟೆಂಟ್' ಸಿಎಸ್‌ವಿಗೆ ಸ್ಟ್ರಿಂಗ್ ಕೊಡುತ್ತದೆ, ಬೈನರಿಯಾಗಿ ತೆರೆದ ಫೈಲ್‌ಗೆ ಬರೆಯಲು ಹೋದರೆ ಟೈಪ್ ಎರರ್. 'ವಿನ್‌ಮೇಲ್.ಡ್ಯಾಟ್' ಎಂಬ ಫೈಲ್ ಮಾತ್ರ ಬಂದಿದ್ದರೆ ಅದು ಔಟ್‌ಲುಕ್‌ನ ಟಿಎನ್‌ಇಎಫ್ ಮೂಟೆ. ಬಿಡಿಸಲು ಬೇರೆ ಸಾಧನ ಬೇಕು.

ಕಳಿಸಿದವರು ಕೊಟ್ಟ ಫೈಲ್ ಹೆಸರನ್ನು ಡಿಸ್ಕ್‌ನಲ್ಲಿ ಹಾಗೆಯೇ ಬಳಸಬೇಡಿ. ಒಳಗೆ '../' ಇದ್ದರೆ ಬೇರೆ ಫೋಲ್ಡರ್‌ಗೆ ಬರೆದುಬಿಡುತ್ತದೆ. ಲಿನಕ್ಸ್‌ನ ಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದಲ್ಲಿ 85 ಕೋಡ್‌ಪಾಯಿಂಟ್. ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಸೇರಿ ಎಣಿಸಿದರೆ ಅದು ಬೇಗ ಮುಗಿಯುತ್ತದೆ. ಡಿಸ್ಕ್‌ನಲ್ಲಿ ಯುಐಡಿ ಮತ್ತು ಭಾಗದ ಸಂಖ್ಯೆಯಿಂದ ಹೆಸರಿಡಿ, ಮೂಲ ಹೆಸರು ಟೇಬಲ್‌ನಲ್ಲಿ ಇರಲಿ.

---

ಕರಾವಳಿ_ಸಿಸ್ಟಂ

ಇಷ್ಟೆಲ್ಲ ಏಕೆ? ಈ ಪೆಟ್ಟಿಗೆ ಸ್ಕ್ರಿಪ್ಟ್‌ಗೇ ಮೀಸಲಾಗಿದ್ದರೆ ಪಾಪ್3 (ಮೇಲ್ ಇಳಿಸಿಕೊಳ್ಳುವ ಸರಳ ವಿಧಾನ) ಸಾಕಲ್ಲ. 'ಪಾಪ್‌ಲಿಬ್', 995ನೇ ಪೋರ್ಟ್, ತೆಗೆದುಕೊಂಡು ಅಳಿಸಿಬಿಡುವುದು. ಯುಐಡಿಗಿಂತ ಮೇಲ್‌ನ ಹೆಡರ್‌ನಲ್ಲೇ ಇರುವ ಮೆಸೇಜ್-ಐಡಿಯನ್ನೇ ಕೀಲಿ ಮಾಡಿಕೊಂಡರೆ ಸರ್ವರ್ ಬದಲಾದರೂ ಚಿಂತೆಯಿಲ್ಲ.

---

ಗಂಟೆ_ಗುರುತು

ಪೆಟ್ಟಿಗೆ ಮೀಸಲಾಗಿಲ್ಲ ಸರ್, ಕಚೇರಿಯವರೂ ನೋಡುತ್ತಾರೆ ಎಂದು ಪ್ರಶ್ನೆಯಲ್ಲೇ ಇದೆ. ಪಾಪ್3ರಲ್ಲಿ ಫೋಲ್ಡರ್ ಇಲ್ಲ, ಗುರುತು ಇಲ್ಲ, ದಿನಾಂಕದಿಂದ ಹುಡುಕುವುದೂ ಇಲ್ಲ. ಲೆಕ್ಕಪತ್ರದ ಮೂಲ ಮೇಲ್ ಅಳಿಸುವುದನ್ನು ಲೆಕ್ಕಪರಿಶೋಧಕರು ಒಪ್ಪುವುದೂ ಕಷ್ಟ. ಬಳಸುವವರಿಗೆ ಒಂದು ಎಚ್ಚರಿಕೆ: ಪಾಪ್3ರಲ್ಲಿ ಅಳಿಸಿದ್ದು ಜಾರಿಯಾಗುವುದು 'ಕ್ವಿಟ್' ಆದ ಮೇಲೆಯೇ. ನಡುವೆ ಸಂಪರ್ಕ ಕಡಿದರೆ ಎಲ್ಲವೂ ಮತ್ತೆ ಬರುತ್ತವೆ.

ಮೆಸೇಜ್-ಐಡಿ ಹೆಚ್ಚುವರಿ ಕಾಲಂ ಆಗಿ ಇರಲಿ, ಕೀಲಿಯಾಗಿ ಬೇಡ. ಅದನ್ನು ಹಾಕುವುದು ಕಳಿಸುವ ಕಡೆ. ಕೆಲವು ಸಾಧನಗಳಿಂದ ಬರುವ ಮೇಲ್‌ನಲ್ಲಿ ಅದು ಇರುವುದೇ ಇಲ್ಲ. ಒಂದೇ ಮೇಲ್‌ನ ಎರಡು ಪ್ರತಿ ಬಂದರೆ ಎರಡಕ್ಕೂ ಒಂದೇ. ಸ್ಥಳಾಂತರದ ದಿನ ಯುಐಡಿವ್ಯಾಲಿಡಿಟಿ ಬದಲಾದದ್ದು ಕಂಡರೆ ಕಳೆದ ಕೆಲವು ದಿನಗಳನ್ನು ಮತ್ತೆ ಓದಿ, ಎಸ್‌ಎಚ್‌ಎ-256 ಹೋಲಿಸಿ ಹಳೆಯದನ್ನು ಬಿಟ್ಟರೆ ಆಯಿತು.

---

ಟೋಕನ್_ಕಟ್ಟೆ

ಲಾಗಿನ್ ವಿಷಯ. ಮೈಕ್ರೋಸಾಫ್ಟ್ 365ರಲ್ಲಿ ಈಗಿನ ಲಾಗಿನ್ ನಡೆಯುವುದಿಲ್ಲ. ಅದರ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಐಮ್ಯಾಪ್ ಮತ್ತು ಪಾಪ್‌ಗೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವುದು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಈಗ ಓಆತ್2 (ಪಾಸ್‌ವರ್ಡ್ ಬದಲು ಸ್ವಲ್ಪ ಹೊತ್ತು ಬಾಳುವ ಟೋಕನ್ ತೋರಿಸುವ ಲಾಗಿನ್) ಮಾತ್ರ, ಆಪ್ ಪಾಸ್‌ವರ್ಡ್ ಕೂಡ ಇಲ್ಲ. ಜಿಮೇಲ್‌ನ ಸ್ವಂತ ಖಾತೆಗಳಲ್ಲಿ ಎರಡು ಹಂತದ ಪರಿಶೀಲನೆ ಹಾಕಿದ್ದರೆ 16 ಅಕ್ಷರದ ಆಪ್ ಪಾಸ್‌ವರ್ಡ್ ನಡೆಯುತ್ತದೆ, ನಿಮ್ಮ ಪರೀಕ್ಷೆ ಓಡುತ್ತಿರುವುದು ಅದರಿಂದ.

ಕ್ರಾನ್‌ನಲ್ಲಿ ಓಡುವ ಸ್ಕ್ರಿಪ್ಟ್‌ಗೆ ಮನುಷ್ಯರು ಕೂತು ಲಾಗಿನ್ ಆಗುವ ದಾರಿ ಬೇಡ. ಎಂಟ್ರಾದಲ್ಲಿ (ಮೈಕ್ರೋಸಾಫ್ಟ್‌ನ ಲಾಗಿನ್-ಅನುಮತಿ ಸೇವೆ) ಆಪ್ ರಿಜಿಸ್ಟರ್ ಮಾಡಿ, 'ಐಮ್ಯಾಪ್.ಆಕ್ಸೆಸ್‌ಆ್ಯಸ್‌ಆಪ್' ಅನುಮತಿ ಸೇರಿಸಿ, ಅಡ್ಮಿನ್ ಒಪ್ಪಿಗೆ ಕೊಡಿಸಿ. ಇಲ್ಲಿಗೆ ಮುಗಿಯುವುದಿಲ್ಲ. ಎಕ್ಸ್‌ಚೇಂಜ್ ಪವರ್‌ಶೆಲ್‌ನಲ್ಲಿ 'ನ್ಯೂ-ಸರ್ವಿಸ್‌ಪ್ರಿನ್ಸಿಪಲ್' ಕಮಾಂಡಿನಿಂದ ಆ ಆಪ್ ಅನ್ನು ಎಕ್ಸ್‌ಚೇಂಜ್‌ಗೆ ಪರಿಚಯಿಸಿ, 'ಆ್ಯಡ್-ಮೇಲ್‌ಬಾಕ್ಸ್‌ಪರ್ಮಿಷನ್' ಮೂಲಕ ಈ ಒಂದು ಪೆಟ್ಟಿಗೆಗೆ ಮಾತ್ರ ಹಕ್ಕು ಕೊಡಬೇಕು. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ: ಕೇಳುವ ಆಬ್ಜೆಕ್ಟ್ ಐಡಿಯನ್ನು 'ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್' ಪುಟದಿಂದ ತೆಗೆದುಕೊಳ್ಳಬೇಕು. 'ಆಪ್ ರಿಜಿಸ್ಟ್ರೇಶನ್ಸ್' ಪುಟದಲ್ಲೂ ಅದೇ ಹೆಸರಿನ ಇನ್ನೊಂದು ಐಡಿ ಇದೆ. ಅದನ್ನು ಹಾಕಿದರೆ ಟೋಕನ್ ಸಿಗುತ್ತದೆ, ಲಾಗಿನ್ ಆಗುವುದಿಲ್ಲ.

ಟೋಕನ್‌ಗೆ 'ಎಂಎಸ್‌ಎಎಲ್' ಲೈಬ್ರರಿ ಸಾಕು. ಪೈಥಾನ್ ಕಡೆ 'ಲಾಗಿನ್' ಬದಲು 'ಅಥೆಂಟಿಕೇಟ್', ಮೊದಲ ಆರ್ಗ್ಯುಮೆಂಟ್ 'ಎಕ್ಸ್‌ಓಆತ್2', ಎರಡನೆಯದು ಒಂದು ಫಂಕ್ಷನ್. ಫಂಕ್ಷನ್ ಕೊಡಬೇಕಾದ್ದು: 'ಯೂಸರ್=' ಮತ್ತು ಮೇಲ್ ವಿಳಾಸ, ಮೌಲ್ಯ 1ರ ಒಂದು ಕಂಟ್ರೋಲ್ ಬೈಟ್, 'ಆತ್=ಬೇರರ್', ಒಂದು ಖಾಲಿ ಜಾಗ, ಟೋಕನ್, ಮತ್ತೆ ಅದೇ ಕಂಟ್ರೋಲ್ ಬೈಟ್ ಎರಡು ಸಲ. ಇದನ್ನು ನೀವು ಬೇಸ್64 ಮಾಡಬೇಡಿ, ಐಮ್ಯಾಪ್‌ಲಿಬ್ ತಾನೇ ಮಾಡುತ್ತದೆ. ಎರಡು ಸಲ ಆದರೆ ಬರುವುದು 'ಅಥೆಂಟಿಕೇಟ್ ಫೇಲ್ಡ್' ಅಷ್ಟೇ, ಕಾರಣ ಹೇಳುವುದಿಲ್ಲ. ಟೋಕನ್ ಬಾಳುವುದು ಸುಮಾರು ಒಂದು ಗಂಟೆ. ಕ್ಲೈಂಟ್ ಸೀಕ್ರೆಟ್‌ಗೂ (ಟೋಕನ್ ಕೇಳಲು ಆಪ್ ಬಳಸುವ ಗುಟ್ಟಿನ ಪದ) ಅವಧಿಯಿದೆ, ಆ ದಿನಾಂಕವನ್ನು ಈಗಲೇ ಕ್ಯಾಲೆಂಡರ್‌ಗೆ ಹಾಕಿಡಿ.

ಸಂಪರ್ಕ ಮಾಡುವಾಗ 'ಟೈಮ್‌ಔಟ್=30' ಕೊಡುವುದು ಮರೆಯಬೇಡಿ. ಕೊಡದಿದ್ದರೆ ನೆಟ್‌ವರ್ಕ್ ನಿಂತಾಗ ಸ್ಕ್ರಿಪ್ಟ್ ಹಾಗೆಯೇ ಕಾಯುತ್ತದೆ, 10 ನಿಮಿಷಕ್ಕೆ ಕ್ರಾನ್ ಇನ್ನೊಂದನ್ನು ಎಬ್ಬಿಸುತ್ತದೆ. ಕ್ರಾನ್ ಸಾಲಿನಲ್ಲಿ 'ಎಫ್‌ಲಾಕ್ -ಎನ್' ಕೂಡ ಇರಲಿ, ಹಿಂದಿನದು ಇನ್ನೂ ಓಡುತ್ತಿದ್ದರೆ ಹೊಸದು ಶುರುವಾಗುವುದಿಲ್ಲ.

---

ಮಲೆನಾಡ_ಕೋಡ್

ಧನ್ಯವಾದಗಳು. ಪೀಕ್, ಯುಐಡಿ, ಮೇಕ್_ಹೆಡರ್ ಮೂರೂ ಹಾಕಿದೆ, ಶಿರಸಿಯ ಮೇಲ್‌ಗಳು ಸರಿಯಾಗಿ ಬರುತ್ತಿವೆ. ಈಗ ಸರ್ಚ್‌ನಲ್ಲಿ ಇನ್ನೆರಡು. 'ಸಬ್ಜೆಕ್ಟ್'ಗೆ 'ದಿನವಹಿ' ಕೊಟ್ಟರೆ ಆಸ್ಕಿ ಕೋಡೆಕ್‌ನ ಎನ್‌ಕೋಡ್ ಎರರ್. 'ಸಿನ್ಸ್'ಗೆ 'ಎಸ್‌ಟಿಆರ್‌ಎಫ್‌ಟೈಮ್'ನಿಂದ ದಿನಾಂಕ ಕೊಟ್ಟರೆ ಅದೇ ಎರರ್. ವರದಿಯ ತಲೆಬರಹಕ್ಕಾಗಿ ಲೊಕೇಲ್ (ಪ್ರೋಗ್ರಾಂನ ಭಾಷೆ-ಪ್ರದೇಶದ ಸೆಟ್ಟಿಂಗ್) ಕನ್ನಡಕ್ಕೆ ಹಾಕಿದ್ದೇನೆ.

---

ಅಕ್ಷರ_ಬೈಟ್

ಎರಡಕ್ಕೂ ಮೂಲ ಒಂದೇ: ಐಮ್ಯಾಪ್‌ಲಿಬ್ ಕಮಾಂಡ್‌ನ ಸ್ಟ್ರಿಂಗ್‌ಗಳನ್ನು ಆಸ್ಕಿಯಲ್ಲೇ ಕಳಿಸುತ್ತದೆ.

ದಿನಾಂಕದಲ್ಲಿ ತಿಂಗಳು ಇಂಗ್ಲಿಷ್‌ನ ಮೂರು ಅಕ್ಷರವೇ ಆಗಿರಬೇಕು, '01-ಏಪ್ರಿ-2025' ಎಂದು ಹೋದರೆ ಸರ್ವರ್‌ಗೂ ತಿಳಿಯದು. ಲೊಕೇಲ್ ಕನ್ನಡದಲ್ಲಿದ್ದರೆ 'ಎಸ್‌ಟಿಆರ್‌ಎಫ್‌ಟೈಮ್' ತಿಂಗಳನ್ನು ಕನ್ನಡದಲ್ಲೇ ಕೊಡುತ್ತದೆ. ಹನ್ನೆರಡು ಹೆಸರಿನ ಪಟ್ಟಿ ಕೋಡ್‌ನಲ್ಲೇ ಇಟ್ಟುಕೊಂಡು ತಿಂಗಳ ಸಂಖ್ಯೆಯಿಂದ ಆರಿಸಿ. 'ಸಿನ್ಸ್' ಗಂಟೆಯನ್ನೂ ಟೈಮ್‌ಝೋನ್ ಅನ್ನೂ ನೋಡುವುದಿಲ್ಲ, ದಿನ ಮಾತ್ರ. ಸಂಜೆ ತಡವಾಗಿ ಬರುವ ಮೇಲ್‌ಗಳಿವೆ, ಆದ್ದರಿಂದ ಒಂದು ದಿನ ಹಿಂದಿನಿಂದ ಕೇಳಿ.

ಕನ್ನಡ ಪದ ಹುಡುಕಲು ಅದನ್ನು ಲಿಟರಲ್ ಆಗಿ, ಅಂದರೆ ಮೊದಲು ಉದ್ದ ಹೇಳಿ ಬೈಟ್‌ಗಳನ್ನು ಹಾಗೆಯೇ, ಕಳಿಸಬೇಕು. ಸಂಪರ್ಕದ ಆಬ್ಜೆಕ್ಟ್‌ನ 'ಲಿಟರಲ್' ಆಟ್ರಿಬ್ಯೂಟ್‌ಗೆ ಆ ಪದದ ಯುಟಿಎಫ್-8 ಬೈಟ್‌ಗಳನ್ನು ಹಾಕಿ, ಮುಂದಿನ ಸಾಲಿನಲ್ಲೇ 'ಯುಐಡಿ' ಮೆಥಡ್‌ಗೆ ಕ್ರಮವಾಗಿ 'ಸರ್ಚ್', 'ಚಾರ್‌ಸೆಟ್', 'ಯುಟಿಎಫ್-8', 'ಸಬ್ಜೆಕ್ಟ್' ಕೊಡಿ. ಪದವನ್ನು ಮತ್ತೆ ಕೊಡಬಾರದು, ಲೈಬ್ರರಿಯೇ ಕೊನೆಗೆ ಸೇರಿಸುತ್ತದೆ. ಒಂದು ಕಮಾಂಡ್ ಆದ ಮೇಲೆ ಆ ಆಟ್ರಿಬ್ಯೂಟ್ ಖಾಲಿಯಾಗುತ್ತದೆ, ಪ್ರತಿ ಸಲವೂ ಹಾಕಬೇಕು. ಸರ್ವರ್‌ಗೆ ಆ ಚಾರ್‌ಸೆಟ್ ಗೊತ್ತಿಲ್ಲದಿದ್ದರೆ 'ನೋ' ಮತ್ತು 'ಬ್ಯಾಡ್‌ಚಾರ್‌ಸೆಟ್' ಬರುತ್ತದೆ.

ಆದರೂ ನಿಮ್ಮ ಕೆಲಸಕ್ಕೆ ಇದು ಬೇಡ ಎನ್ನುತ್ತೇನೆ. ಮೇಲೆ ಹೇಳಿದ ಎನ್‌ಎಫ್‌ಸಿ ಮತ್ತು ಕಾಣದ ಅಕ್ಷರಗಳ ವ್ಯತ್ಯಾಸ ಸರ್ವರ್‌ನ ಹುಡುಕಾಟದಲ್ಲಿ ಹೇಗೆ ನಡೆಯುತ್ತದೆ ಎನ್ನುವುದು ನಿಮ್ಮ ಹಿಡಿತದಲ್ಲಿಲ್ಲ, ಒಂದು ಶಾಖೆಯ ಲೆಕ್ಕ ಸದ್ದಿಲ್ಲದೆ ತಪ್ಪಿಹೋಗಬಹುದು. ಸರ್ವರ್‌ನಲ್ಲಿ ಯುಐಡಿ ವ್ಯಾಪ್ತಿಯಿಂದ ಮಾತ್ರ ಸೋಸಿ, 'ಬಾಡಿ.ಪೀಕ್[ಹೆಡರ್]' ತರಿಸಿಕೊಂಡು ಸಬ್ಜೆಕ್ಟ್ ಅನ್ನು ಪೈಥಾನ್‌ನಲ್ಲೇ ನೋಡಿ, ಹೊಂದಿದ್ದಕ್ಕೆ ಮಾತ್ರ ಪೂರ್ತಿ ಮೇಲ್ ತರಿಸಿ. ಹೊಂದದ ಮೇಲ್‌ಗಳ ಯುಐಡಿಯನ್ನೂ 'ಬಿಟ್ಟಿದ್ದು' ಎಂಬ ಸ್ಥಿತಿಯಲ್ಲಿ ಟೇಬಲ್‌ಗೆ ಬರೆಯಿರಿ. ಯಾವ ಶಾಖೆಯ ಮೇಲ್ ಏಕೆ ಬರಲಿಲ್ಲ ಎಂದು ಯಾರಾದರೂ ಕೇಳಿದಾಗ ಮೊದಲು ನೋಡಬೇಕಾದ್ದು ಆ ಸಾಲುಗಳನ್ನೇ.